ಪಡಸಾಲೆಯ ಫೋಟೋ ಮತ್ತು ಕರಿ ಸೀರೆಯ ಮುತ್ತಜ್ಜಿ

ಪ್ರಶ್ನೆ: ಕುಷ್ಟಗಿ ತಾಲೂಕಿನ ನಮ್ಮ ಹಳ್ಳಿಯ ವಾಡೆಯ ಪಡಸಾಲೆಯಲ್ಲಿ ನಾಲ್ಕು ತಲೆಮಾರಿನಿಂದ ದೊಡ್ಡದೊಂದು ಫೋಟೋ ಇದೆ. ಮನೆಯ ಹದಿನಾಲ್ಕು ಮಂದಿ ಅದರಲ್ಲಿದ್ದಾರೆ. ನೂರೈವತ್ತು ವರ್ಷದ್ದೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಕಳೆದ ಮಳೆಗಾಲದಲ್ಲಿ ಮಾಳಿಗೆ ಸೋರಿದ್ದರಿಂದ ಹಿಂದಿನ ಹಲಗೆ ಬಿಚ್ಚಿದಾಗ, ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ‘ಸಾಧಾರಣ ಸಂ.’ ಎಂಬ ಬರಹವೂ ಅದರ ಕೆಳಗೆ ಉರ್ದುವಿನ ಒಂದು ಸಾಲೂ ಕಂಡವು. ಉರ್ದು ಬಲ್ಲವರೊಬ್ಬರು ಅದನ್ನು ಓದಿ, 1320 ಹಿಜರಿ, ಅಂದರೆ 1902ನೇ ಇಸವಿ ಎಂದರು. ಹಾಗಿದ್ದರೆ ತೆಗೆದವರು ನಿಜಾಮರ ಫೋಟೋಗ್ರಾಫರ್ ರಾಜಾ ದೀನದಯಾಳರೇ ಇರಬೇಕೆಂಬುದು ನಮ್ಮ ಚಿಕ್ಕಪ್ಪನ ವಾದ. ನಡುಸಾಲಿನಲ್ಲಿ ಕುಳಿತ ಒಬ್ಬ ಹೆಣ್ಣುಮಗಳು ಮಾತ್ರ ಕರಿ ಸೀರೆ ಉಟ್ಟು ಕರಿ ಬೊಟ್ಟು ಇಟ್ಟಿದ್ದಾಳೆ. ‘ಮನೆಗೆ ಆಗಿಬರದವಳು’ ಎಂದು ಅವಳ ಹೆಸರನ್ನೂ ಯಾರೂ ಎತ್ತುವುದಿಲ್ಲ. ಫೋಟೋದ ಎಡ ಕೆಳಮೂಲೆ ಗಾಜಿಗೆ ಅಂಟಿಕೊಂಡಿದೆ. ಹಬೆ ಹಿಡಿದರೆ ಬಿಡುತ್ತದೆ ಎಂದು ಕಟ್ಟು ಹಾಕುವವರು ಹೇಳುತ್ತಾರೆ. ಈಗ ಮನೆ ಪಾಲಾಗುತ್ತಿದ್ದು, ಮೂವರು ಅಣ್ಣತಮ್ಮಂದಿರೂ ಫೋಟೋ ತಮಗೇ ಬೇಕೆನ್ನುತ್ತಿದ್ದೇವೆ. ಇದು ಎಷ್ಟು ಹಳೆಯದು, ಇದಕ್ಕೆ ಬೆಲೆ ಇದೆಯೇ, ಇದನ್ನು ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಕಡೆಯಲ್ಲಿ ಬಂದಿರುವ ಹಬೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದವು ಕಾಯಬಲ್ಲವು, ಅದು ಕಾಯುವುದಿಲ್ಲ. ದಯವಿಟ್ಟು ಹಬೆ ಹಿಡಿಯಬೇಡಿ, ನೀರು ಚಿಮುಕಿಸಬೇಡಿ, ಬ್ಲೇಡು ತೂರಿಸಬೇಡಿ. ನಿಮ್ಮ ಫೋಟೋದ ಚಿತ್ರವಿರುವುದು ಕಾಗದದೊಳಗಲ್ಲ. ಕಾಗದದ ಮೇಲೆ ಸವರಿದ ಜೆಲಟಿನ್ ಎಂಬ ತೆಳುವಾದ ಪದರದಲ್ಲಿ, ಬೆಳ್ಳಿಯ ಅತಿಸೂಕ್ಷ್ಮ ಕಣಗಳ ರೂಪದಲ್ಲಿ. ದನದ ಮೂಳೆ, ಚರ್ಮಗಳಿಂದ ತೆಗೆಯುವ ಈ ಜೆಲಟಿನ್ ತೇವ ತಾಗಿದೊಡನೆ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಎದುರಿಗಿದ್ದದ್ದನ್ನು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಸೋರಿದ ಮಳೆನೀರು ಮಾಡಿದ್ದೂ ಇದನ್ನೇ. ಹಬೆ ಕೊಟ್ಟರೆ ಕಾಗದವೇನೋ ಬಿಟ್ಟು ಬರುತ್ತದೆ, ಆದರೆ ಚಿತ್ರ ಗಾಜಿನ ಮೇಲೇ ಉಳಿಯುತ್ತದೆ. ಈ ಕೆಲಸಕ್ಕೆ ಕೈಹಾಕಿದ ಹೊಸದರಲ್ಲಿ, ಬಳ್ಳಾರಿಯ ಕೌಲ್ ಬಜಾರಿನ ಒಂದು ಮನೆಯವರು ನಂಬಿ ಕೊಟ್ಟ ಮದುವೆಯ ಫೋಟೋವನ್ನು ನಾನು ಹೀಗೆಯೇ ಒದ್ದೆ ಮಾಡಿ ಬಿಡಿಸಲು ಹೋದೆ. ಮದುಮಗನ ಪೇಟ ಮತ್ತು ಹೆಗಲು ಕಾಗದದ ಮೇಲೆ ಬಂದವು. ಮುಖ ಗಾಜಿನಲ್ಲಿ ಉಳಿಯಿತು. ಆ ಗಾಜು ಇಂದಿಗೂ ನನ್ನ ಬಳಿ ಇದೆ, ಕೊಟ್ಟವರು ಅದನ್ನು ಮರಳಿ ಒಯ್ಯಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ: ಗಾಜು ಮತ್ತು ಫೋಟೋ ಎರಡನ್ನೂ ಇನ್ನು ಮುಂದೆ ಒಂದೇ ವಸ್ತುವೆಂದು ಭಾವಿಸಿ, ಹಾಗೆಯೇ ಜತನ ಮಾಡಿ. ಗಾಜು ಒಡೆದಿಲ್ಲವಾದ್ದರಿಂದ ಅದರ ಮೂಲಕವೇ ಒಳ್ಳೆಯ ಪ್ರತಿ ತೆಗೆಯಬಹುದು. ಬಿಡಿಸಲೇಬೇಕೆಂದರೆ ಅದು ತರಬೇತಾದ ಸಂರಕ್ಷಕರ ಕೆಲಸ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿರುವ, ಕಲೆ ಮತ್ತು ಪರಂಪರೆಯನ್ನು ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವನ್ನಾಗಲಿ, ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವನ್ನಾಗಲಿ ಕೇಳಿ ಮುಂದುವರಿಯಿರಿ. ಅಲ್ಲಿಯವರು ಕೂಡ ‘ಬಿಡಿಸುವುದು ಬೇಡ’ ಎನ್ನುವ ಸಾಧ್ಯತೆಯೇ ಹೆಚ್ಚು. ಹಾಗೆಂದರೆ ಅದನ್ನು ಕೈಲಾಗದವರ ಮಾತೆಂದು ತಿಳಿಯಬೇಡಿ.

ಇನ್ನು ವಯಸ್ಸಿನ ವಿಚಾರ. ನೂರೈವತ್ತು ವರ್ಷದ್ದೆಂಬ ಹಿರಿಯರ ಮಾತು ನಮ್ಮ ಸೀಮೆಯ ಮಟ್ಟಿಗೆ ಅಸಂಭವವೇನಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿಯೇ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಗುಡಿಗಳ ಚಿತ್ರ ತೆಗೆದಿದ್ದನು. 1871ರಲ್ಲಿ ಬೊಂಬಾಯಿಯ ಕಡೆಯ ರೈಲೂ ಮದ್ರಾಸಿನ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿಕೊಂಡವು, 1880ರ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗಗಳ ಮೇಲೆ ಹಾಯುವ ಹಳಿಯೂ ಬಿತ್ತು. ಪೆಟ್ಟಿಗೆ ಪರದೆ ಹೊತ್ತ ಫೋಟೋಗ್ರಾಫರ್ ರೈಲಿಳಿದು ಚಕ್ಕಡಿ ಹತ್ತಿ ದೇಸಾಯರ ವಾಡೆಗೆ ಬರಲು ಅಡ್ಡಿಯೇನೂ ಇರಲಿಲ್ಲ. ಆದರೆ ಆ ಕಾಲದ ಫೋಟೋಗಳು ಬೇರೆಯೇ ವಸ್ತುಗಳು. ಸುಮಾರು 1855ರಿಂದ 1890ರ ದಶಕದವರೆಗೆ ಎಲ್ಲೆಡೆ ಚಾಲ್ತಿಯಲ್ಲಿದ್ದದ್ದು ಅಲ್ಬುಮೆನ್ ಕಾಗದ, ಅಂದರೆ ಕೋಳಿಮೊಟ್ಟೆಯ ಬಿಳಿಯನ್ನು ಸವರಿ ಸಿದ್ಧಪಡಿಸಿದ ಕಾಗದ. ಅದು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದ್ದು ತಾನೇ ಸುರುಳಿ ಸುತ್ತಿಕೊಳ್ಳುವುದರಿಂದ ಯಾವಾಗಲೂ ದಪ್ಪ ರಟ್ಟಿಗೆ ಅಂಟಿಸಿರುತ್ತಿದ್ದರು. ಅದರ ಬಣ್ಣ ಕಂದು ಅಥವಾ ನೇರಳೆಗಂದು, ಹಳತಾದಂತೆ ಬಿಳಿ ಭಾಗಗಳು ಹಳದಿಗಟ್ಟುತ್ತವೆ. ಇಳಕಲ್ಲಿನ ಸೀರೆ ಅಂಗಡಿಗಳಲ್ಲಿ ಎಳೆ ಎಣಿಸಲು ಬಳಸುವ ಸಣ್ಣ ಮಡಚುವ ಭೂತಗನ್ನಡಿ ನಿಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಅದನ್ನು ಅಲ್ಬುಮೆನ್ ಫೋಟೋದ ಮೇಲಿಟ್ಟು ನೋಡಿದರೆ ಚಿತ್ರದ ನಡುವೆಯೇ ಕಾಗದದ ನಾರುಗಳು ಕಾಣುತ್ತವೆ.

ನೀವು ಅದೇ ಬಗೆಯ ಕನ್ನಡಿಯನ್ನು ಮೊಬೈಲಿಗೆ ಹಿಡಿದು ಕಳಿಸಿರುವ ಚಿತ್ರದಲ್ಲಿ ನಾರುಗಳು ಕಾಣುವುದಿಲ್ಲ. ಕಾಗದಕ್ಕೂ ಜೆಲಟಿನ್‌ಗೂ ನಡುವೆ ಬೇರಿಯಂ ಸಲ್ಫೇಟಿನ ನುಣುಪಾದ ಬಿಳಿ ಪದರವಿದ್ದು ಅದು ನಾರನ್ನು ಮುಚ್ಚಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೆಗೆದ ಇನ್ನೊಂದು ಚಿತ್ರದಲ್ಲಿ, ಅಂಚಿನ ಕಪ್ಪು ಭಾಗಗಳಲ್ಲಿ ಪಾದರಸ ಬಳಿದಂತಹ ನೀಲಿ ಹೊಳಪು ಸ್ಪಷ್ಟವಾಗಿದೆ. ಚಿತ್ರದೊಳಗಿನ ಬೆಳ್ಳಿ ಹಲವು ದಶಕಗಳ ಗಾಳಿ ಮತ್ತು ತೇವಕ್ಕೆ ಕರಗಿ, ಮೇಲ್ಮೈಗೆ ಬಂದು ಮತ್ತೆ ಬೆಳ್ಳಿಯಾಗಿ ಕುಳಿತುಕೊಂಡಾಗ ಉಂಟಾಗುವ ಹೊಳಪು ಅದು. ಡೆವಲಪ್ ಮಾಡಿ ತೆಗೆದ ಜೆಲಟಿನ್ ಕಾಗದದ ಗುರುತು ಇದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇಂಥ ಫೋಟೋಗಳೇ ಹೆಚ್ಚು. ಆದ್ದರಿಂದ ವಸ್ತುವೇ ಹೇಳುವ ಸಾಕ್ಷಿ ನೂರೈವತ್ತು ವರ್ಷವನ್ನು ಒಪ್ಪುವುದಿಲ್ಲ.

ಹಿಂಬದಿಯ ಬರಹ ಇದಕ್ಕಿಂತ ನಿಖರವಾದ ಸಾಕ್ಷಿ, ಅದರಲ್ಲಿಯೇ ನಿಮ್ಮ ಚಿಕ್ಕಪ್ಪನವರ ವಾದಕ್ಕೂ ಉತ್ತರವಿದೆ. 1320 ಎಂಬ ಅಂಕಿಯನ್ನು ಹಿಜರಿ ಎಂದು ತಿಳಿದರೆ 1902–03 ಬರುವುದು ಸರಿಯೇ. ಆದರೆ ಅಂಕಿಯ ಎಡಕ್ಕೆ ಒಂದು ಅಕ್ಷರವಿದೆ, ದೊಡ್ಡದು ಮಾಡಿ ನೋಡಿ: ಸಣ್ಣ ಕುಣಿಕೆಯ ಮೇಲೆ ಒಂದು ಚುಕ್ಕೆ, ಮುಂದೆ ಎಳೆದ ಬಾಲ. ಅದು ‘ಫೆ’, ಫಸಲಿ ಎಂಬುದರ ಸಂಕ್ಷೇಪ. ಕುಷ್ಟಗಿಯು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಕಂದಾಯದ ಲೆಕ್ಕವೆಲ್ಲ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು, ದೇಸಗತಿಯ ಮನೆಗಳ ಕಾರಕೂನರ ಕೈಗೆ ಬೇರೆ ಇಸವಿ ಬರುತ್ತಲೇ ಇರಲಿಲ್ಲ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ವರ್ಷ ಆರಂಭವಾಗುವ ಇಸವಿ ಸಿಗುತ್ತದೆ. 1320 ಫಸಲಿ ಎಂದರೆ 1910ರ ಅಕ್ಟೋಬರಿನಿಂದ 1911ರ ಅಕ್ಟೋಬರಿನವರೆಗೆ. (ನದಿಯಾಚೆ ಮದ್ರಾಸು ಪ್ರಾಂತದ ಬಳ್ಳಾರಿಯಲ್ಲಿಯೂ ಫಸಲಿಯೇ ಇತ್ತು, ಆದರೆ ಅಲ್ಲಿ ವರ್ಷ ಜುಲೈನಿಂದ ಶುರು. ಹಳೆಯ ಕಾಗದ ನೋಡುವವರು ಇಲ್ಲಿ ಎಡವುವುದುಂಟು.)

ಇದು ನನ್ನ ಓದಿನ ಹಟವಲ್ಲ ಎಂಬುದಕ್ಕೆ ಮೇಲಿನ ಕನ್ನಡದ ಸಾಲೇ ಆಧಾರ. ಸಂವತ್ಸರಗಳ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಸಾಧಾರಣ ಸಂವತ್ಸರ ಬಂದದ್ದು 1850ರಲ್ಲಿ, 1910ರಲ್ಲಿ, 1970ರಲ್ಲಿ. 1902ರ ಯುಗಾದಿಯಿಂದ ನಡೆದದ್ದು ಶುಭಕೃತು ಸಂವತ್ಸರ. ಹಿಜರಿ ಎಂದು ಓದಿದರೆ ಎರಡು ಸಾಲುಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಫಸಲಿ ಎಂದು ಓದಿದರೆ ಹೊಂದುತ್ತವೆ, ಅಷ್ಟೇ ಅಲ್ಲ, ಇನ್ನೂ ಒಂದು ಅನುಕೂಲವಿದೆ: ಸಾಧಾರಣ ಸಂವತ್ಸರ 1911ರ ಮಾರ್ಚ್ ಕೊನೆಯ ಹೊತ್ತಿಗೆ ಮುಗಿದುಹೋಯಿತು, ಫಸಲಿ 1320 ತೊಡಗಿದ್ದು 1910ರ ಅಕ್ಟೋಬರಿನಲ್ಲಿ. ಎರಡೂ ಒಟ್ಟಿಗೆ ಇದ್ದದ್ದು ಆ ನಡುವಿನ ಆರು ತಿಂಗಳು ಮಾತ್ರ. ನಿಮ್ಮ ಮನೆಯ ಫೋಟೋ ತೆಗೆದದ್ದು, ಅಥವಾ ಕನಿಷ್ಠ ಅದರ ಹಿಂದೆ ಬರೆದದ್ದು, ಹೆಚ್ಚುಕಡಿಮೆ ಸೀಗಿ ಹುಣ್ಣಿಮೆಗೂ ಅದರ ಮುಂದಿನ ಯುಗಾದಿಗೂ ನಡುವೆ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕೊನೆಯ ದಿನಗಳಲ್ಲಿ. ಹಳೆಯ ಫೋಟೋಗೆ ಇಷ್ಟು ಇಕ್ಕಟ್ಟಾದ ಕಾಲಾವಧಿ ಸಿಗುವುದು ಅಪರೂಪ, ಅದನ್ನು ಬರೆದಿಟ್ಟ ಕಾರಕೂನನಿಗೆ ನೀವು ಋಣಿಯಾಗಿರಬೇಕು.

ರಾಜಾ ದೀನದಯಾಳರು ತೀರಿಕೊಂಡದ್ದು 1905ರಲ್ಲಿ. ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ದೊಡ್ಡದಾಗಿತ್ತು, 1890ರ ದಶಕದಲ್ಲಿ ಪರದೆಯ ಹೆಂಗಸರಿಗಾಗಿಯೇ ಅವರು ಪ್ರತ್ಯೇಕ ಸ್ಟುಡಿಯೋ ತೆರೆದಿದ್ದರು, ಅವರ ನಂತರವೂ ಸಂಸ್ಥೆಯ ಕೆಲಸ ನಡೆಯಿತು ಎಂಬುದೆಲ್ಲ ನಿಜ. ಆದರೆ ಅಂಥ ಸ್ಟುಡಿಯೋಗಳು ರಟ್ಟಿನ ಮೇಲೆ ತಮ್ಮ ಹೆಸರನ್ನು ಅಚ್ಚೊತ್ತದೆ ಫೋಟೋ ಕೊಡುತ್ತಿರಲಿಲ್ಲ. ನಿಮ್ಮ ರಟ್ಟು ಎರಡೂ ಕಡೆ ಬೋಳಾಗಿದೆ. ಮೇಲಾಗಿ ಚಿತ್ರದ ಬಲ ಕೆಳಮೂಲೆ ನೋಡಿ. ಹಿಂದೆ ತೂಗುಬಿಟ್ಟ ಪರದೆಯಲ್ಲಿ ಕಂಬ, ಬಳ್ಳಿ, ಕೊಳಗಳನ್ನು ಬರೆದಿದೆ, ನೆಲಕ್ಕೆ ಜಮಖಾನ ಹಾಸಿದೆ, ಆದರೆ ಜಮಖಾನ ಎರಡು ಗೇಣು ಮೊದಲೇ ಮುಗಿದು ಕಲ್ಲುಚಪ್ಪಡಿಯೂ ದನ ಕಟ್ಟುವ ಗೂಟವೂ ಇಣುಕಿವೆ. ಇದು ವಾಡೆಯ ಅಂಗಳದಲ್ಲಿ, ಊರೂರು ತಿರುಗುವ ಹೆಸರಿಲ್ಲದ ಕಸುಬುದಾರನೊಬ್ಬ ತೆಗೆದದ್ದು. ಚಿಕ್ಕಪ್ಪನವರಿಗೆ ಬೇಸರವಾದೀತು, ಆದರೆ ನನಗೇನೋ ಸ್ಟುಡಿಯೋದ ಬೊಂಬೆಯಂಥ ಚಿತ್ರಕ್ಕಿಂತ ಗೂಟವಿರುವ ಈ ಚಿತ್ರವೇ ಮೇಲೆನಿಸುತ್ತದೆ. ಮುಂದಿನ ಸಾಲಿನ ಮಗುವಿಗೆ ಎರಡು ಮುಖಗಳಿರುವಂತೆ ಕಾಣುವುದು ಕೂಡ ಅಂಗಳದ ನೆರಳಿನ ಫಲ. ಬೆಳಕು ಕಡಿಮೆಯಾದ್ದರಿಂದ ಮಸೂರವನ್ನು ಸ್ವಲ್ಪ ಹೊತ್ತು ತೆರೆದೇ ಇಡಬೇಕಾಗುತ್ತಿತ್ತು, ಅಷ್ಟರಲ್ಲಿ ಮಗು ಅವ್ವನ ಕಡೆ ತಿರುಗಿದೆ.

ಈಗ ಕರಿ ಸೀರೆಯ ಹೆಣ್ಣುಮಗಳ ವಿಚಾರಕ್ಕೆ ಬರುತ್ತೇನೆ; ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಆ ಕಾಲದ ಗಾಜಿನ ಪ್ಲೇಟುಗಳು ನಮ್ಮ ಕಣ್ಣಿನಂತೆ ಬಣ್ಣಗಳನ್ನು ಕಾಣುತ್ತಿರಲಿಲ್ಲ. ಅವುಗಳಿಗೆ ನೀಲಿ ಬೆಳಕು ಬಹಳ ಚುರುಕಾಗಿ ತಾಗುತ್ತಿತ್ತು, ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಕೆಂಪನ್ನೂ ಗ್ರಹಿಸುವ ಪ್ಲೇಟುಗಳು 1906ರ ಸುಮಾರಿಗೆ ಮಾರುಕಟ್ಟೆಗೆ ಬಂದಿದ್ದರೂ ಅವು ಸಾಮಾನ್ಯ ಬಳಕೆಗೆ ಇಳಿಯಲು ದಶಕಗಳೇ ಹಿಡಿದವು. ಹೀಗಾಗಿ ಹಳೆಯ ಫೋಟೋಗಳಲ್ಲಿ ನೀಲಿ ಆಕಾಶ ಬೆಳ್ಳಗಿರುತ್ತದೆ, ನೀಲಿ ಬಟ್ಟೆ ಮಾಸಿದ ಬಿಳಿಯಂತೆ ಕಾಣುತ್ತದೆ, ಕೆಂಪು ಕಪ್ಪಾಗುತ್ತದೆ. ಅವಳ ಹಣೆಯ ಕರಿ ಬೊಟ್ಟು ಕುಂಕುಮವೇ. ಅನುಮಾನವಿದ್ದರೆ ಹಿಂದಿನ ಸಾಲಿನಲ್ಲಿ ನಿಂತ ಇಬ್ಬರು ಹೆಂಗಸರ ಹಣೆಯನ್ನು ಭೂತಗನ್ನಡಿಯಲ್ಲಿ ನೋಡಿ, ಸೆರಗಿನ ನೆರಳಿನಲ್ಲಿ ಅವರಿಗೂ ಅದೇ ಕರಿ ಬೊಟ್ಟುಗಳಿವೆ. ಅವಳ ಮುಖ ಬೆಳಕಿಗಿರುವುದರಿಂದ ಅವಳದಷ್ಟೇ ಎದ್ದು ಕಂಡಿದೆ.

ಸೀರೆಯ ಮಟ್ಟಿಗೆ ಇನ್ನೂ ಹತ್ತಿರದಿಂದ ನೋಡಬೇಕು. ಎದೆಯ ಮೇಲಿಂದ ಇಳಿದು ತೊಡೆಯ ಮೇಲೆ ಹರಡಿಕೊಂಡ ಸೆರಗಿನಲ್ಲಿ, ಕಪ್ಪು ನೆಲದ ಮೇಲೆ ಹಣಿಗೆಯ ಹಲ್ಲಿನಂತೆ ಬಿಳಿಯ ಸಾಲು, ಅದರ ಮುಂದೆ ಬಿಳಿಯ ಪಟ್ಟೆ, ಮತ್ತೆ ಹಲ್ಲುಗಳು. ಇದು ಇಳಕಲ್ಲಿನ ಟೋಪ ತೆನಿಯ ಸೆರಗು. ಇಂದಿಗೂ ಹಾಗೆಯೇ ನೇಯುತ್ತಾರೆ, ಅದರ ನೆಲ ಕೆಂಪು ರೇಷ್ಮೆ. ಅಂದರೆ ಈ ಫೋಟೋದಲ್ಲಿ ಕಪ್ಪಾಗಿ ಕಂಡ ಆ ಸೆರಗು ಖಂಡಿತವಾಗಿ ಕೆಂಪಾಗಿತ್ತು, ಸೀರೆಯ ಒಡಲು ಕೂಡ ಅದೇ ಛಾಯೆಯಲ್ಲಿದೆ. ಒಡಲು ಕೆಂಪೇ ಆಗಿತ್ತೆಂದು ಪ್ರಮಾಣ ಮಾಡಲಾರೆ, ದಾಳಿಂಬೆಗೆಂಪು, ಕಡು ಹಸಿರು, ನಿಜವಾದ ಕಪ್ಪು ಇವೆಲ್ಲ ಈ ಪ್ಲೇಟಿನ ಮೇಲೆ ಒಂದೇ. ನಿಜಕ್ಕೂ ಕಪ್ಪೇ ಇದ್ದರೂ ಅದರಲ್ಲಿ ಅಪಶಕುನವೇನಿದೆ? ನಮ್ಮ ಕಡೆ ಸಂಕ್ರಾಂತಿಗೆ, ಬಸುರಿಯ ಕುಪ್ಪಸದ ಕಾರ್ಯಕ್ಕೆ ಚಂದ್ರಕಾಳಿ ಎಂಬ ಕಪ್ಪು ಸೀರೆ ಉಡಿಸುವುದು ನಿಮ್ಮ ಮನೆಯ ಹಿರಿಯರಿಗೆ ಮರೆತಿರಲಾರದು. ಕೈತುಂಬ ಬಳೆ, ಕಾಲುಂಗುರ, ಹಣೆಗೆ ಕುಂಕುಮ ಇಟ್ಟುಕೊಂಡು, ಯಜಮಾನನ ಬಲಗಡೆಯ ಎರಡನೆಯ ಕುರ್ಚಿಯಲ್ಲಿ, ಅತ್ತೆಯ ಪಕ್ಕ ಕೂಡಿಸಲ್ಪಟ್ಟ ಈ ಮುತ್ತೈದೆ ಆ ದಿನ ಮನೆಗೆ ಆಗಿಬರದವಳಾಗಿರಲಿಲ್ಲ. ಹಾಗಿದ್ದರೆ ಅವಳಿಗೆ ಆ ಕುರ್ಚಿ ಸಿಗುತ್ತಿರಲಿಲ್ಲ. ಕತೆ ಮುಂದೆ, ಅವಳನ್ನು ಕಂಡವರೆಲ್ಲ ಹೋದ ಮೇಲೆ, ಫೋಟೋ ನೋಡಿದವರು ಕಟ್ಟಿದ್ದಿರಬೇಕು.

ನಿಮ್ಮ ಅಳಿಯ ಮೊಬೈಲ್ ಆ್ಯಪಿನಲ್ಲಿ ಬಣ್ಣ ತುಂಬಿಸಿ ಕಳಿಸಿರುವ ಪ್ರತಿಯಲ್ಲಿ ಅವಳ ಕುಂಕುಮ ಕಪ್ಪಾಗಿಯೇ ಉಳಿದಿದೆ, ಸೀರೆಯೂ ಕಪ್ಪು. ಆ್ಯಪು ಛಾಯೆಯನ್ನು ನೋಡಿ ಬಣ್ಣ ಊಹಿಸುತ್ತದೆ, ಪ್ಲೇಟಿನ ಕುರುಡುತನ ಅದಕ್ಕೆ ತಿಳಿಯದು. ಮನೆಮಂದಿಯ ಗುಂಪಿಗೆ ಅದನ್ನೇ ಹಂಚಿದ್ದೀರಿ ಎಂದು ಬರೆದಿದ್ದೀರಿ. ಸಾಧ್ಯವಾದರೆ ಅಳಿಸಿ, ಇಲ್ಲವಾದರೆ ಆ ಹಳೆಯ ಅಪವಾದಕ್ಕೆ ಹೊಸ ಬಣ್ಣ ಬಳಿದಂತಾಗುತ್ತದೆ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸ್ಟುಡಿಯೋದ ಹೆಸರಿಲ್ಲದ ಕುಟುಂಬದ ಫೋಟೋಗೆ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವಂಥ ಹಣ ಬರುವುದಿಲ್ಲ. ಹಳ್ಳಿಗಳಿಗೆ ಬಂದು ಹಳೆಯ ಫೋಟೋ ಕೊಳ್ಳುತ್ತೇವೆನ್ನುವವರಲ್ಲಿ ಹಲವರಿಗೆ ಬೇಕಾಗಿರುವುದು ಸಾಗುವಾನಿಯ ಚೌಕಟ್ಟು ಮತ್ತು ಹಳೆಯ ಗಾಜು.

ಜೋಪಾನದ ಮಾತು. ಹಿಂದಿನ ಹಲಗೆಯನ್ನು ಮತ್ತೆ ಹಾಕಬೇಡಿ. ಅದು ಪೆಟ್ಟಿಗೆಯ ಕಚ್ಚಾ ಮರ, ಅದರಿಂದ ಹೊರಡುವ ಆಮ್ಲ ರಟ್ಟನ್ನು ದಾಟಿ ಬರುತ್ತಿದೆ. ಯಜಮಾನನ ರುಮಾಲಿನ ಪಕ್ಕದಲ್ಲಿ ಕಾಣುವ ಕಂದು ಮಚ್ಚೆ ಹಲಗೆಯ ಗಂಟಿನ ಪಡಿಯಚ್ಚು, ಅಳತೆ ಹಿಡಿದು ನೋಡಿದರೆ ಸರಿಯಾಗಿ ಕೂಡುತ್ತದೆ. ಹಲಗೆಗೂ ರಟ್ಟಿಗೂ ನಡುವೆ ಇದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಎಸೆದಿಲ್ಲ ತಾನೇ? ಅದರ ತಾರೀಕು ಕಟ್ಟು ಹಾಕಿಸಿದ ಕಾಲವನ್ನು ಹೇಳುತ್ತದೆ. ಅದನ್ನು ಬೇರೆ ಲಕೋಟೆಯಲ್ಲಿಡಿ, ಫೋಟೋದ ಜೊತೆಗೆ ಬೇಡ, ಅದೂ ಆಮ್ಲದ ಕಾಗದವೇ. ಹೊಸದಾಗಿ ಆಮ್ಲರಹಿತ ರಟ್ಟನ್ನು ಬೆಂಬಲಕ್ಕೆ ಕೊಟ್ಟು, ಚೌಕಟ್ಟಿನ ಹಿಂದೆ ಗೋಡೆಗೆ ತಾಗದಂತೆ ನಾಲ್ಕು ಮೂಲೆಗೂ ಬೆಂಡಿನ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ನಮ್ಮ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ದಾಟುವ ಒಣ ಸೆಕೆಯಲ್ಲಿ ಜೆಲಟಿನ್ ಸೆಟೆದುಕೊಳ್ಳುತ್ತದೆ, ಮಳೆ ಹಿಡಿದಾಗ ಸಡಿಲವಾಗುತ್ತದೆ, ಈ ಎಳೆದಾಟವೇ ಬಿರುಕಿಗೆ ಕಾರಣ. ಆದ್ದರಿಂದ ಪಡುವಣ ಬಿಸಿಲು ಹೊಡೆಯುವ ಹೊರಗೋಡೆಯನ್ನೂ ಮಾಳಿಗೆಯ ಕೆಳಗಿನ ಅಟ್ಟವನ್ನೂ ಬಿಟ್ಟು, ಮನೆಯ ನಡುವಿನ ಯಾವುದಾದರೂ ಒಳಗೋಡೆ ಆರಿಸಿ. ದೇವರ ಜಗುಲಿಯ ಹತ್ತಿರ ಬೇಡ, ಊದುಬತ್ತಿ ಕರ್ಪೂರಗಳ ಹೊಗೆ ಸಂದಿಗಳಲ್ಲಿ ನುಗ್ಗುತ್ತದೆ. ಅಮಾವಾಸ್ಯೆಗೆ ಗಾಜಿನ ಮೇಲೆ ವಿಭೂತಿ ಕುಂಕುಮ ಹಚ್ಚುವ ರೂಢಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಒದ್ದೆ ಬಟ್ಟೆಯಿಂದ ಅದನ್ನು ಒರೆಸುವಾಗ ನೀರು ಚೌಕಟ್ಟಿನೊಳಗೆ ಇಳಿಯುವುದನ್ನು ತಡೆಯಿರಿ ಎನ್ನುತ್ತೇನೆ. ಇಲ್ಲವೇ ಆ ಮರ್ಯಾದೆಯೆಲ್ಲ ಪ್ರತಿಗೆ ಸಲ್ಲಲಿ. ಲ್ಯಾಮಿನೇಷನ್ ಬೇಡವೇ ಬೇಡ. ಅದನ್ನು ತೆಗೆಯುವ ದಾರಿಯಿಲ್ಲ.

ಪ್ರತಿಯನ್ನು ಈ ತಿಂಗಳೇ ತೆಗೆಸಿ. ಫೋಟೋವನ್ನು ಬಿಸಿಲಿಲ್ಲದ ಕಟ್ಟೆಗೆ ತಂದು, ಎದುರಿಗೆ ಕರಿ ಕಂಬಳಿ ಹಿಡಿಸಿ ಗಾಜಿನ ಪ್ರತಿಬಿಂಬ ನಿಲ್ಲಿಸಿ, ಸ್ಟ್ಯಾಂಡಿನ ಮೇಲಿಟ್ಟ ಒಳ್ಳೆಯ ಕ್ಯಾಮೆರಾದಿಂದ ಇಡೀ ಚಿತ್ರವನ್ನೂ ಆಮೇಲೆ ಒಂದೊಂದೇ ಮುಖವನ್ನೂ ತೆಗೆಯಲಿ. ಹಿಂಬದಿಯ ಬರಹವನ್ನು ಮರೆಯಬೇಡಿ. ಬಣ್ಣ ಸರಿಪಡಿಸದ, ಕಲೆ ಅಳಿಸದ ಮೂಲ ಫೈಲನ್ನು ಮೂರು ಮನೆಯಲ್ಲಿಯೂ ಒಂದೊಂದು ಇಡಿ.

ಮೂಲ ಯಾರಿಗೆ ಎಂಬ ನಿಮ್ಮ ಮೂವರ ಜಗಳದಲ್ಲಿ ನನ್ನ ಅಭಿಪ್ರಾಯ ಕೇಳಿದ್ದೀರಿ. ವರ್ಷಕ್ಕೊಬ್ಬರಂತೆ ಪಾಳಿ ಹಾಕಿಕೊಳ್ಳುವ ಯೋಚನೆ ನ್ಯಾಯವಾಗಿ ಕಂಡರೂ ಫೋಟೋಗೆ ಮಾರಕ. ಮೂಲೆ ಅಂಟಿರುವ ಗಾಜು ಪ್ರತಿ ವರ್ಷ ಜೀಪಿನಲ್ಲಿ ಕುಲುಕಿದರೆ ಮೂರನೆಯ ಪಾಳಿಯವರಿಗೆ ತುಣುಕುಗಳು ಸಿಗುತ್ತವೆ. ಹಿರಿಯ ಮಗನಿಗೆ ಎಂಬ ವಾಡಿಕೆಯೂ ಇಲ್ಲಿ ಮುಖ್ಯವಲ್ಲ. ನಿಮ್ಮಲ್ಲಿ ಯಾರ ಮನೆಯ ಮಾಳಿಗೆ ಸೋರುವುದಿಲ್ಲವೋ ಅವರಲ್ಲಿ ಇರಲಿ, ಉಳಿದಿಬ್ಬರಿಗೆ ಮೂಲದ ಅಳತೆಯಲ್ಲಿಯೇ ಬಾಳಿಕೆಯ ಪಿಗ್ಮೆಂಟ್ ಶಾಯಿಯ ಮುದ್ರಣವಾಗಲಿ, ಈ ಮಾತು ಪಾಲುಪಟ್ಟಿಯಲ್ಲಿ ಒಂದು ಸಾಲಾಗಿ ಸೇರಲಿ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ಎಂಬತ್ತೆಂಟು ವರ್ಷದ ನಿಮ್ಮ ಸೋದರತ್ತೆ ಗಂಗಾವತಿಯಲ್ಲಿದ್ದಾರೆ, ಹದಿನಾಲ್ಕರಲ್ಲಿ ಐದಾರು ಮುಖಗಳನ್ನು ಅವರು ಚಿಕ್ಕಂದಿನಲ್ಲಿ ಕಂಡವರು ಎಂದು ಬರೆದಿದ್ದೀರಿ. ಮುದ್ರಣದ ಮೇಲೆ ತೆಳು ಕಾಗದವಿಟ್ಟು ಎಲ್ಲರ ಆಕಾರವನ್ನು ಗೆರೆಯಲ್ಲಿ ತೆಗೆದು, ಒಂದರಿಂದ ಹದಿನಾಲ್ಕರವರೆಗೆ ಅಂಕಿ ಹಾಕಿಕೊಂಡು ಅವರ ಬಳಿಗೆ ಹೋಗಿ. ‘ಇವರು ಇಂಥವರಲ್ಲವೇ’ ಎಂದು ಹೆಸರು ಹೇಳಿ ಕೇಳಬೇಡಿ, ವಯಸ್ಸಾದವರು ಒಪ್ಪಿಬಿಡುತ್ತಾರೆ. ‘ಇವರಾರು’ ಎಂದಷ್ಟೇ ಕೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ, ಅವರು ಸುಮ್ಮನಾದರೆ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ. ಹೆಸರುಗಳನ್ನು ಮೂಲದ ಹಿಂಬದಿಯಲ್ಲಿ ಬರೆಯಬೇಡಿ, ಬಾಲ್‌ಪೆನ್ನಿನಲ್ಲಂತೂ ಕೂಡದು. ಆ ಗೆರೆಯ ಹಾಳೆಯ ಮೇಲೆಯೇ ಮೆದು ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ. ನಡುಸಾಲಿನ ಹೆಣ್ಣುಮಗಳಿಂದಲೇ ಆರಂಭಿಸಿ. ನಿಮ್ಮ ಪತ್ರದಲ್ಲಿ ಉಳಿದ ಹಲವರ ಹೆಸರುಗಳಿವೆ, ಅವಳದೊಂದಿಲ್ಲ.